ಸೆಸ್ನಾ 172 ರನ್‌ವೇ ಮೇಲೆ ತೇಲಿಕೊಂಡು ಹೋಗ್ತದೆ, ಮುಟ್ಟಿದರೆ ಪುಟಿಯುತ್ತದೆ. ಏನು ಮಾಡೋದು?

ಪ್ರಶ್ನೆ (ಹಾಸನದಿಂದ):
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಕ್ಸ್-ಪ್ಲೇನ್ 12ರಲ್ಲಿ ಸೆಸ್ನಾ 172 ಅನ್ನೋ ಸಣ್ಣ ವಿಮಾನ ಕಲಿಯುತ್ತಿದ್ದೇನೆ. ನಮ್ಮ ಹಾಸನದ ಮೇಲೆ ಒಂದು ಸುತ್ತು ಹಾಕಿ ಮೈಸೂರಿನ ಮಂಡಕಳ್ಳಿಯಲ್ಲಿ ಇಳಿಸಬೇಕು ಅಂತ ಆಸೆ. ಹಾರಿಸೋದು, ತಿರುಗಿಸೋದು ಸಲೀಸು. ಇಳಿಸುವಾಗ ಮಾತ್ರ ಸ್ಟಿಕ್ ಎಳೆದರೆ ಮೇಲೇಳುತ್ತದೆ, ಬಿಟ್ಟರೆ ದೊಪ್ಪನೆ ಬಿದ್ದು ಪುಟಿಯುತ್ತದೆ. ಸಾದಾ ಜಾಯ್‌ಸ್ಟಿಕ್, ಪೆಡಲ್ ಇಲ್ಲ. ಯಾವಾಗ ಎಳೆಯಬೇಕು, ಹೇಳ್ತೀರಾ?

ಉತ್ತರ (ಚಿಕ್ಕಮಗಳೂರಿನಿಂದ):
ರನ್‌ವೇ ಅಂಚು ದಾಟುವಾಗ ಸ್ಪೀಡ್ ಎಷ್ಟಿರುತ್ತದೆ? ಫ್ಲಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಸುವ ಪಟ್ಟಿ) ಎಷ್ಟು?

ಹಾಸನ:
80ರಿಂದ 85 ನಾಟ್. ಫ್ಲಾಪ್ 10 ಡಿಗ್ರಿ. ಇನ್ನೂ ಕಡಿಮೆ ಮಾಡಿದರೆ ಬಿದ್ದುಬಿಡುತ್ತೆ ಅಂತ ಭಯ ಸರ್.

ಚಿಕ್ಕಮಗಳೂರು:
ಹಾಗಾದರೆ ತೊಂದರೆ ಇರೋದು ಎಳೆಯುವುದರಲ್ಲಲ್ಲ, ಸ್ಪೀಡಿನಲ್ಲಿ. ಪೂರ್ತಿ ಫ್ಲಾಪ್ ಹಾಕಿದರೆ ಈ ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಹೊರಲಾಗದೆ ಕೈಬಿಡುವುದು, ಸುಮಾರು 40 ನಾಟ್‌ಗೆ. 65ರಲ್ಲಿ ಬಂದರೆ ಧಾರಾಳವಾಯಿತು. 80ರಲ್ಲಿ ರೆಕ್ಕೆಗೆ ಇನ್ನೂ ಹಾರುವ ಶಕ್ತಿ ಇರುತ್ತದೆ, ನೀವು ಒಂಚೂರು ಎಳೆದರೂ ಮೇಲೇಳುತ್ತದೆ. ಅದೂ ಅಲ್ಲದೆ ನೆಲದ ಹತ್ತಿರ, ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಯಷ್ಟು ಎತ್ತರದೊಳಗೆ (172ಕ್ಕೆ 11 ಮೀಟರ್), ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ ಕಡಿಮೆಯಾಗುತ್ತದೆ. ಜಾಸ್ತಿ ಇರುವ ಸ್ಪೀಡ್ ಬೇಗ ಇಳಿಯೋದಿಲ್ಲ. ತೇಲುವುದು ಅದಕ್ಕೇ.

ಪೂರ್ತಿ ಹಾರಾಟ ಬೇಡ. 3 ನಾಟಿಕಲ್ ಮೈಲಿ ದೂರದ ಅಪ್ರೋಚ್‌ನಿಂದ (ಇಳಿಯಲು ರನ್‌ವೇ ಕಡೆಗೆ ಬರುವ ಹಾದಿ) ಶುರು ಮಾಡಿ, ಗಾಳಿ ಸೊನ್ನೆ ಇಡಿ. ಸ್ಪೀಡ್ 85ಕ್ಕಿಂತ ಕೆಳಗೆ ಬಂದ ಮೇಲೆ ಪೂರ್ತಿ ಫ್ಲಾಪ್. ಮೂಗು ಮೇಲೆ-ಕೆಳಗೆ ಮಾಡಿ ಸ್ಪೀಡ್, ಥ್ರಾಟಲ್‌ನಿಂದ (ಎಂಜಿನ್ ಶಕ್ತಿಯ ಹಿಡಿ) ಇಳಿಯುವ ವೇಗ, ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಕೈ ಬಿಟ್ಟರೂ 65ರಲ್ಲೇ ನಿಲ್ಲುವ ತನಕ ಟ್ರಿಮ್ ಮಾಡಿ (ಸ್ಟಿಕ್ ಹಿಡಿಯದೆಯೂ ಮೂಗು ಅಲ್ಲೇ ನಿಲ್ಲುವ ಹೊಂದಾಣಿಕೆ). ಟ್ರಿಮ್ ಮಾಡದೆ ಸ್ಟಿಕ್ ಹಿಡಿದು ಒದ್ದಾಡುವವರಿಗೆ ಲ್ಯಾಂಡಿಂಗ್ ಬರೋದೇ ಇಲ್ಲ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಇಳಿಯುವ ವೇಗ ನಿಮಿಷಕ್ಕೆ 350 ಅಡಿ ಆಸುಪಾಸು ಇರಲಿ.

ರನ್‌ವೇ ಮೇಲೆ ಬರೆದ ನಂಬರ್ ನೋಡುತ್ತಿರಿ. ಅದು ಗಾಜಿನಲ್ಲಿ ಮೇಲಕ್ಕೆ ಸರಿದರೆ ನೀವು ರನ್‌ವೇಗೆ ಮೊದಲೇ ಇಳಿದುಬಿಡುತ್ತೀರಿ, ಸ್ವಲ್ಪ ಥ್ರಾಟಲ್ ಕೊಡಿ. ಕೆಳಕ್ಕೆ ಸರಿದರೆ ಮುಂದಕ್ಕೆ ಹೋಗುತ್ತೀರಿ, ಕಡಿಮೆ ಮಾಡಿ. ಅಲುಗದೆ ನಿಂತರೆ ಸರಿ.

ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರ, ಮರೀಬೇಡಿ. ಮಂಡಕಳ್ಳಿ ನೆಲವೇ ಸುಮಾರು 2,350 ಅಡಿ. 3 ಮೈಲಿ ದೂರದಲ್ಲಿ 3,300 ಅಡಿ ತೋರಿಸಿದರೆ ಸರಿಯಾಗಿದ್ದೀರಿ. ನಮ್ಮ ಮುಳ್ಳಯ್ಯನಗಿರಿಯ ಮೇಲೆ 6,500 ತೋರಿಸುವಾಗ ತುದಿ ಬರೀ 200 ಅಡಿ ಕೆಳಗಿರುತ್ತದೆ!

ಕೊನೆಗೆ ನಿಮ್ಮ ಪ್ರಶ್ನೆ. ನೆಲದಿಂದ 15 ಅಡಿ ಇರುವಾಗ ಥ್ರಾಟಲ್ ಪೂರ್ತಿ ಮುಚ್ಚಿ, ಕಣ್ಣು ರನ್‌ವೇಯ ಆಚೆ ತುದಿಗೆ ಹೋಗಲಿ. ಒಮ್ಮೆಲೇ ಎಳೆಯಬೇಡಿ. ಮೂಗು ಮಟ್ಟಕ್ಕೆ ತನ್ನಿ, ಆಮೇಲೆ ವಿಮಾನ ಕುಸಿದಷ್ಟೇ ಎಳೆಯುತ್ತಾ ಹೋಗಿ. ಹಿಂದಿನ ಎರಡು ಚಕ್ರ ಮೊದಲು ಮುಟ್ಟಬೇಕು. ಮೇಲೆದ್ದರೆ ಮುಂದಕ್ಕೆ ಒತ್ತಲೇಬೇಡಿ, ಮೂಗಿನ ಚಕ್ರ ಮುರಿಯುವುದು ಹಾಗೇನೇ. ಜಾಸ್ತಿ ಎದ್ದರೆ ಪೂರ್ತಿ ಥ್ರಾಟಲ್, ಫ್ಲಾಪ್ 20, ಮತ್ತೆ ಒಂದು ಸುತ್ತು.

ಉತ್ತರ (ಸಕಲೇಶಪುರದಿಂದ):
ಒಂದು ಮಾತು ಸೇರಿಸುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಪಿಚ್‌ನ (ಮೂಗು ಮೇಲೆ-ಕೆಳಗೆ ಆಗುವುದು) ಕರ್ವ್ ಬಗ್ಗಿಸಿ, ಸ್ಟಿಕ್ ನಡುವೆ ಇರುವಾಗ ಅದರ ಪರಿಣಾಮ ಮೆತ್ತಗಾಗುತ್ತದೆ. ಸಣ್ಣ ಜಾಯ್‌ಸ್ಟಿಕ್‌ಗೆ ಇದು ಬೇಕೇ ಬೇಕು. ಜೂಮ್ ಕೂಡ ನೋಡಿ, ಡ್ಯಾಶ್‌ಬೋರ್ಡ್ ಮೇಲಿಂದ ರನ್‌ವೇ ಕಾಣದಿದ್ದರೆ ಎತ್ತರದ ಅಂದಾಜೇ ಸಿಗಲ್ಲ. ಪೆಡಲ್ ಇಲ್ಲವಲ್ಲ, ಸ್ಟಿಕ್ ತಿರುಚಲು ಬರುವುದಾದರೆ ಅದನ್ನೇ ರಡ್ಡರ್ (ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಚುಕ್ಕಾಣಿ) ಮಾಡಿಕೊಳ್ಳಿ.

ಹಾಸನ:
ಸರ್, 65ಕ್ಕೆ ಟ್ರಿಮ್ ಮಾಡಿದೆ, ತೇಲೋದು ನಿಂತೇ ಹೋಯಿತು! ಕರ್ವ್ ಕೂಡ ಬದಲಿಸಿದೆ, ಪುಟಿಯುವುದೂ ಕಡಿಮೆ. ಆದರೆ ಮುಟ್ಟಿದ ಮೇಲೆ ಎಡಕ್ಕೆ ಓಡುತ್ತದೆ.

ಚಿಕ್ಕಮಗಳೂರು:
ಭೇಷ್! ಮುಟ್ಟುವ ಮೊದಲೇ ರಡ್ಡರ್‌ನಿಂದ ಮೂಗನ್ನು ನಡುಗೆರೆಗೆ ನೇರ ಮಾಡಿ, ಮುಟ್ಟಿದ ಮೇಲೂ ರಡ್ಡರ್ ಬಿಡಬೇಡಿ. ಚಕ್ರ ನೇರ ಓಡುವ ತನಕ ಬ್ರೇಕ್ ಹಾಕಬೇಡಿ. ಇದು ಕೈಗೆ ಕೂತ ಮೇಲೆ 5 ನಾಟ್ ಅಡ್ಡಗಾಳಿ ಹಾಕಿ ನೋಡಿ, ಹೇಗಾಯ್ತು ಅಂತ ಇಲ್ಲೇ ಬರೆಯಿರಿ.