ಛತ್ರದ ಹೆಂಚು ಇಳಿಸುತ್ತಿದ್ದಾರೆ, ಯಾರಿಗಾದ್ರೂ ವಿಷಯ ಗೊತ್ತಾ?

ಮೂಲೆ ಮನೆ: ಬೆಳಿಗ್ಗೆಯಿಂದ ಹಳೇ ಛತ್ರದ ಮೇಲೆ ನಾಲ್ಕು ಜನ ಹತ್ತಿ ಹೆಂಚು ಇಳಿಸುತ್ತಿದ್ದಾರೆ. ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಟೆಂಪೋ ನಿಂತಿದೆ. ಮುಂಬಾಗಿಲಿನ ಎರಡೂ ಕದ ಕಳಚಿ ಗೋಡೆಗೆ ಒರಗಿಸಿದ್ದಾರೆ. ರಿಪೇರಿನಾ, ಕೆಡವೋದಾ? ಕೇಳಿದರೆ "ನಮಗೆ ಇಳಿಸೋಕೆ ಹೇಳಿದ್ದಾರೆ, ಅಷ್ಟೇ" ಅಂತಾರೆ.

ಗಿರಣಿ: ಕೆಡವೋದೇ. ರಿಪೇರಿ ಮಾಡೋರು ಕದ ಯಾಕೆ ಕೀಳ್ತಾರೆ? ಹಳೇ ತೇಗಕ್ಕೆ ಗಿರಾಕಿ ಕಾದಿರ್ತಾರೆ.

ಅಪಾರ್ಟ್‌ಮೆಂಟ್, 2ನೇ ಮಹಡಿ: ನಾನು ಈ ಏರಿಯಾಕ್ಕೆ ಹೊಸಬ, ತಪ್ಪು ತಿಳೀಬೇಡಿ. ಆ ಕಟ್ಟಡ ಇವತ್ತೋ ನಾಳೆಯೋ ಬೀಳೋ ಹಾಗಿದೆ ಅಲ್ವಾ? ಮಕ್ಕಳು ಅದರ ಕೆಳಗೇ ಸ್ಕೂಲ್ ವ್ಯಾನಿಗೆ ಕಾಯ್ತಾರೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಸತ್ತಿದ್ದು ಇದೇ ಮೈಸೂರಲ್ಲಿ. ಹಳೇದು ಅಂತ ಎಲ್ಲಾನೂ ಉಳಿಸಲೇಬೇಕಾ?

ಗಿರಣಿ: ಟೆಂಪೋ ಹತ್ರ ಹೋಗಿ ಒಂದು ಹೆಂಚು ಎತ್ತಿ ನೋಡಿದೆ. ಬಾಸೆಲ್ ಮಿಷನ್ ಅಂತ ಅಚ್ಚಿದೆ, ಕೆಳಗೆ 1865! ನೂರೈವತ್ತು ವರ್ಷ ದಾಟಿದೆ ಕಣ್ರೀ. ಇದನ್ನ ಮುಟ್ಟೋಕೆ ಯಾರಿಗೂ ಹಕ್ಕಿಲ್ಲ.

ಮೇಷ್ಟ್ರು, 4ನೇ ಕ್ರಾಸ್: ಸ್ವಲ್ಪ ತಡೀರಿ. 1865 ಅನ್ನೋದು ಮಂಗಳೂರಿನ ಜೆಪ್ಪುವಿನಲ್ಲಿ ಆ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಅದನ್ನೇ ಮುದ್ರೆಯಾಗಿ ಒತ್ತುತ್ತಿದ್ದರು. ಆಗ ನಮ್ಮ ಬಡಾವಣೆ ಹುಟ್ಟೇ ಇರಲಿಲ್ಲ, ಇಲ್ಲಿ ಹೊಲ ಇತ್ತು. ಪ್ಲೇಗ್ ಬಂದ ಮೇಲೆ, 1903ರಲ್ಲಿ ನಗರ ಅಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಆಯ್ತಲ್ಲ, ಆಮೇಲೆ ಈ ಕಡೆಯ ನೇರ ರಸ್ತೆ, ಹಿಂದುಗಡೆ ಕನ್ಸರ್ವೆನ್ಸಿ ಎಲ್ಲಾ ಬಂದಿದ್ದು. ಆದರೆ ಆ ಅಚ್ಚಿನಿಂದ ಬೇರೊಂದು ವಿಷಯ ತಿಳಿಯುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆ ಮಿಷನ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋಯ್ತು. ಮಿಷನ್ ಹೆಸರಿನ ಹೆಂಚು ಅಂದ್ರೆ ಅದಕ್ಕಿಂತ ಹಿಂದಿನದು. ಬೇರೆ ಮನೆಯಿಂದ ತಂದು ಹೊದಿಸಿರಲೂಬಹುದು, ಅದಕ್ಕೇ ಹೆಂಚೊಂದೇ ಸಾಕ್ಷಿ ಆಗಲ್ಲ. ಬಾಗಿಲ ಮೇಲೆ ಗಾರೆಯಲ್ಲಿ ಇಸವಿ ಇದೆ, ಸುಣ್ಣ ಬಳಿದು ಬಳಿದು ಮುಚ್ಚಿದೆ. ಯಾರಾದ್ರೂ ಅದನ್ನ ಹುಷಾರಾಗಿ ಬಿಡಿಸಿ ಫೋಟೋ ತೆಗೀರಿ. ಮೊಳೆ ಬಳಸಬೇಡಿ, ಬಿದಿರಿನ ಕಡ್ಡಿ ಸಾಕು.

3ನೇ ಕ್ರಾಸ್ ಸೊಸೆ: ಅರಮನೆ ಹತ್ರಾನೇ ಇದ್ದೀವಲ್ಲ, 100 ಮೀಟರ್ ಒಳಗೆ ಏನೂ ಮಾಡೋ ಹಾಗಿಲ್ಲ ಅನ್ನೋ ನಿಯಮ ಹಾಕಿಸಿ ನಿಲ್ಲಿಸಬಹುದಾ?

ವಕೀಲರ ಮನೆ: ಆಗಲ್ಲ. ಆ 100 ಮೀಟರ್ ನಿಷೇಧ, ಅದರಾಚೆಯ 200 ಮೀಟರ್ ನಿರ್ಬಂಧ, ಎರಡೂ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರೋ ಸ್ಮಾರಕಗಳ ಸುತ್ತ ಮಾತ್ರ. ಶ್ರೀರಂಗಪಟ್ಟಣದವರನ್ನ ಕೇಳಿ, ಬಚ್ಚಲುಮನೆ ಕಟ್ಟೋಕೂ ಅವರು ಅರ್ಜಿ ಹಿಡಿದು ಓಡಾಡ್ತಾರೆ. ನಮ್ಮ ಛತ್ರಕ್ಕೆ ಆ ಕಾಯ್ದೆ ಹಿಡಿದು ಹೋದ್ರೆ ಮೊದಲ ದಿನವೇ ನಗೆಪಾಟಲು.

ನಮಗೆ ಬೇಕಾದ್ದು ರಾಜ್ಯದ ನಗರ ಯೋಜನಾ ಕಾಯ್ದೆ. ಅದರಲ್ಲಿ ಪಾರಂಪರಿಕ ಕಟ್ಟಡ ಅಂದ್ರೆ ಏನು ಅಂತ ಬರೆದಿದೆ. ವಾಸ್ತುವಿಗೋ ಚರಿತ್ರೆಗೋ ಬೆಲೆ ಇದ್ದರೆ ಖಾಸಗಿ ಕಟ್ಟಡವನ್ನೂ ಯೋಜನಾ ಪ್ರಾಧಿಕಾರ ಘೋಷಿಸಬಹುದು. ಘೋಷಣೆ ಆಗದಿದ್ದರೆ ಎಷ್ಟೇ ಚೆಂದದ ಕಟ್ಟಡವಾದರೂ ಕಾನೂನಿನ ಕಣ್ಣಿಗೆ ಹಳೇ ಮನೆ, ಅಷ್ಟೇ. ಆದ್ದರಿಂದ ಮೊದಲು ತಿಳ್ಕೋಬೇಕಾದ್ದು ಎರಡೇ. ಛತ್ರ ಪಟ್ಟಿಯಲ್ಲಿದೆಯಾ? ಕೆಡವೋಕೆ ಅನುಮತಿ ಕೊಟ್ಟಿದ್ದಾರಾ? ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ. ಮೇಷ್ಟ್ರೇ, ನೀವು ಬರೆಯಬೇಡಿ ದಯವಿಟ್ಟು, 150ರಲ್ಲಿ ನಿಮ್ಮ ಪೀಠಿಕೆಯೂ ಮುಗಿಯಲ್ಲ. ಉತ್ತರಕ್ಕೆ 30 ದಿನ ಬೇಕು, ಅಷ್ಟರಲ್ಲಿ ಸೂರೇ ಇರಲ್ಲ. ಹಾಗಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪಾರಂಪರಿಕ ಸಮಿತಿಗೆ ಇವತ್ತೇ ಒಂದು ಪತ್ರ, ಕಟ್ಟಡ ನೋಡಿ ವರದಿ ಕೊಡುವವರೆಗೆ ಕೆಲಸ ನಿಲ್ಲಿಸಿ ಅಂತ. "ನಮ್ಮ ಭವ್ಯ ಪರಂಪರೆ" ಅಂತೆಲ್ಲ ಬೇಡ. ಯಾವ ರಸ್ತೆ, ಯಾವ ಕಟ್ಟಡ, ಯಾವ ಭಾಗ ಕಳಚಿದೆ, ಫೋಟೋ.

ಮೇಷ್ಟ್ರು, 4ನೇ ಕ್ರಾಸ್: ಪೀಠಿಕೆ ಇಲ್ಲದೆ ಒಂದೇ ಮಾತು. ಬೆಂಗಳೂರಿನ ಅಠಾರಾ ಕಚೇರಿ ಕೆಡವೋಕೆ 1980ರ ದಶಕದಲ್ಲಿ ಹೊರಟಿದ್ದರು. ಜನ ಕೋರ್ಟಿಗೆ ಹೋದರು. ಕೇಸು ನಡೆದಿದ್ದೂ ಅದೇ ಕಟ್ಟಡದೊಳಗೆ. ಇವತ್ತಿಗೂ ಕೆಂಪಗೆ ನಿಂತಿದೆ.

ಗಿರಣಿ: ಅದು ಹೈಕೋರ್ಟು ಮೇಷ್ಟ್ರೇ. ಇದು ಛತ್ರ.

ಎಂಜಿನಿಯರ್, 3ನೇ ಕ್ರಾಸ್: ಈಗಷ್ಟೇ ಒಳಗೆ ಹೋಗಿ ಬಂದೆ. ಎರಡನೇ ಮಹಡಿಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಉತ್ತರ ಕೊಡದೆ "ಉಳಿಸಿ" ಅನ್ನೋಕೆ ನನಗೆ ಮನಸ್ಸಿಲ್ಲ.

ಮುಂದಿನ ಜಗಲಿ ನಿಜಕ್ಕೂ ಅಪಾಯ. ರಸ್ತೆ ಕಡೆ ಕಾರ್ನಿಸಿನಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ, ಬೇರು ನನ್ನ ಮುಂಗೈ ದಪ್ಪ. ಅದರ ಕೆಳಗಿನ ಗೋಡೆಗೆ ಯಾವಾಗಲೋ ಸಿಮೆಂಟ್ ಬಳಿದಿದ್ದಾರೆ. ಗಾರೆ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತೆ, ಬಿಸಿಲಿಗೆ ಬಿಟ್ಟುಬಿಡುತ್ತೆ. ಮೇಲೆ ಸಿಮೆಂಟ್ ಹಾಕಿದರೆ ತೇವ ಒಳಗೇ ಕೂತು ಇಟ್ಟಿಗೆ ಕೊಳೆಯುತ್ತೆ. ಅಲ್ಲಿ ತಟ್ಟಿದರೆ ಡೊಳ್ಳಿನ ಥರ ಸದ್ದು ಬರುತ್ತೆ. ಬೆರಳಲ್ಲಿ ಕೆರೆದರೆ ಇಟ್ಟಿಗೆ ಕುಂಕುಮದ ಹಾಗೆ ಉದುರುತ್ತೆ.

ಆದರೆ ಹಿಂದಿನ ಹಜಾರ ಗಟ್ಟಿಮುಟ್ಟಾಗಿದೆ. ಮದರಾಸ್ ತಾರಸಿ, ತೇಗದ ತೊಲೆ, ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ. ಒಂದೇ ಒಂದು ತೊಲೆಯ ತುದಿ, ಗೋಡೆ ಸೇರೋ ಕಡೆ, ಗೆದ್ದಲು ತಿಂದಿದೆ. ಅಂಗಳದ ಕಂಬಗಳು ಒಂದಿಂಚೂ ವಾಲಿಲ್ಲ. ಶಿಥಿಲ ಅನ್ನೋ ಒಂದೇ ಪದ ಇಡೀ ಕಟ್ಟಡಕ್ಕೆ ಅಂಟಿಸೋದು ಸುಲಭ. ಯಾವ ಕೋಣೆ, ಯಾವ ಗೋಡೆ ಅಂತ ಬರೆದು ಕೊಡಿ ಅಂದ್ರೆ ಬರೆಯೋರೇ ಕಮ್ಮಿ. ದೇವರಾಜ ಮಾರುಕಟ್ಟೆಯ ಹೆಬ್ಬಾಗಿಲು 2016ರಲ್ಲಿ ಬಿದ್ದಾಗಲೂ ನೋಡಿದ್ದೀವಿ. ಒಂದೇ ಮಾರುಕಟ್ಟೆ ನೋಡಿ ಒಂದು ತಜ್ಞರ ತಂಡ ಕೆಡವಿ ಅಂತು, ಇನ್ನೊಂದು ಉಳಿಸಬಹುದು ಅಂತು. ವಾದ ಎಳೆದಷ್ಟೂ ಮಳೆ ಸುಮ್ನೆ ಇರಲಿಲ್ಲ.

ಛತ್ರದ ಮನೆ: ನಾನೂ ಈ ಗುಂಪಲ್ಲಿ ಇದ್ದೀನಿ, ಮರೆತಿದ್ದೀರಿ ಅನ್ನಿಸುತ್ತೆ. ಬೆಳಿಗ್ಗೆಯಿಂದ ಓದ್ತಾ ಇದ್ದೀನಿ. ಟ್ರಸ್ಟಿನಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ಅವರ ಪರವಾಗಿ ಹೇಳ್ತೀನಿ. ಮುಂದಿನ ಮೂರು ಅಂಗಡಿಗಳ ಬಾಡಿಗೆ ಬಿಟ್ಟರೆ ಟ್ರಸ್ಟಿಗೆ ಬೇರೆ ಆದಾಯ ಇಲ್ಲ. ತೆರಿಗೆ ಕಟ್ಟಬೇಕು, ಪ್ರತಿ ಮಳೆಗಾಲ ಹೆಂಚು ಕೈಯಾಡಿಸಬೇಕು. ಮೊದಲು ಮದುವೆ, ಮುಂಜಿ, ತಿಥಿ ಅಂತ ಬರ್ತಿದ್ರು. ಈಗ ಎಲ್ಲರಿಗೂ ಏಸಿ ಹಾಲ್ ಬೇಕು. ಇಲ್ಲಿ ಬರೆಯುತ್ತಿರೋ ಎಷ್ಟು ಜನ ಕಳೆದ ವರ್ಷ ಛತ್ರಕ್ಕೆ ಕಾಲಿಟ್ಟಿದ್ದೀರಿ? ಪಾರಂಪರಿಕ ಅಂತ ಬೋರ್ಡ್ ಹಾಕಿ ಹೋದರೆ ಬಿಲ್ ಯಾರು ಕೊಡ್ತಾರೆ?

ಮೂಲೆ ಮನೆ: ನಿಜ ತಮ್ಮ. ನನ್ನ ಮಗಳ ಮದುವೆಗೂ ರಿಂಗ್ ರಸ್ತೆ ಕಡೆಯೇ ಹಾಲ್ ಹುಡುಕಿದ್ದು. ಸಿಟ್ಟಾಗಬೇಡ. ದೊಡ್ಡಪ್ಪನವರು ಕೆಡವೋದು ಅಂತ ತೀರ್ಮಾನ ಮಾಡಿಬಿಟ್ಟಿದ್ದಾರಾ?

ಛತ್ರದ ಮನೆ: ಟ್ರಸ್ಟಿಗಳಲ್ಲೇ ಒಮ್ಮತ ಇಲ್ಲ ಅಕ್ಕ. ಒಬ್ಬರು ಬಿಲ್ಡರ್ ಕರ್ಕೊಂಡು ಬಂದಿದ್ದರು. ಹೆಂಚು ಇಳಿಸೋಕೆ ಹೇಳಿದ್ದೂ ಅವರೇ, ಉಳಿದವರನ್ನ ಕೇಳಿಲ್ಲ. ದೊಡ್ಡಪ್ಪನಿಗೆ ಗೊತ್ತಾಗಿದ್ದು ಈ ಗುಂಪಿನಿಂದ.

ವಕೀಲರ ಮನೆ: ಇದನ್ನ ಮೊದಲೇ ಹೇಳೋದಲ್ವಾ! ಹಾಗಾದ್ರೆ ದಾರಿ ಹತ್ತಿರದ್ದೇ. ಒಬ್ಬ ಟ್ರಸ್ಟಿ ತಾನೇ ತಾನಾಗಿ ಕೆಡವಿಸೋಕೆ ಆಗುತ್ತಾ ಅನ್ನೋದು ಟ್ರಸ್ಟ್ ಪತ್ರದಲ್ಲಿ ಇರುತ್ತೆ. ಛತ್ರ ಕಟ್ಟಿಸಿದವರು ಯಾತಕ್ಕೆ ಅಂತ ಬರೆದಿದ್ದಾರೆ, ಅದನ್ನೂ ನೋಡಬೇಕು. ಪತ್ರದ ನಕಲು ಹುಡುಕು. ದೊಡ್ಡಪ್ಪನವರ ಸಹಿ ಇರೋ ಒಂದು ಕಾಗದ ಕೊಟ್ಟರೆ ಕೆಲಸ ಇವತ್ತೇ ನಿಲ್ಲುತ್ತೆ. ಮಾಲೀಕರ ಕಡೆಯಿಂದಲೇ ಅರ್ಜಿ ಬಂದರೆ ಸಮಿತಿಯೂ ಬೇಗ ನೋಡುತ್ತೆ. ದಾವೆಗೀವೆ ಅಂತ ಈಗಲೇ ಯಾರೂ ಬಾಯಿ ಬಿಡಬೇಡಿ. ಟ್ರಸ್ಟಿನವರು ಒಂದಾಗಿಬಿಟ್ಟರೆ ನಾವು ಹೊರಗಿನವರಾಗ್ತೀವಿ.

ಎಂಜಿನಿಯರ್, 3ನೇ ಕ್ರಾಸ್: ನಾನು ಅಳತೆ ತೆಗೆದು ನಕ್ಷೆ ಮಾಡಿಕೊಡ್ತೀನಿ, ದುಡ್ಡು ಬೇಡ. ಯಾವ ಗೋಡೆ ಇಳಿಸಲೇಬೇಕು, ಯಾವುದಕ್ಕೆ ರಿಪೇರಿ ಸಾಕು ಅಂತ ಬೇರೆ ಬೇರೆ ಬರೆದು ಸಹಿ ಹಾಕ್ತೀನಿ. ಗಾರೆ ಅರೆಯೋ ಮೇಸ್ತ್ರಿ ಒಬ್ಬರು ಪರಿಚಯ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರು, ಎಲ್ಲಾ ಅವರಿಗೆ ಕೈವಾಸ. ಸಿಮೆಂಟಿಗಿಂತ ನಿಧಾನ, ಕೂಲಿಯೂ ಜಾಸ್ತಿ. ಅದನ್ನ ಮುಚ್ಚಿಟ್ಟು ದೊಡ್ಡಪ್ಪನವರನ್ನ ಒಪ್ಪಿಸೋದು ಬೇಡ.

ಅಪಾರ್ಟ್‌ಮೆಂಟ್, 2ನೇ ಮಹಡಿ: ಜಗಲಿ ಅಪಾಯ ಅಂತ ನೀವೇ ಹೇಳಿದಿರಿ ಸರ್. ಅರ್ಜಿ, ನಕ್ಷೆ ಎಲ್ಲಾ ಆಗೋವರೆಗೆ ಮಕ್ಕಳು ಎಲ್ಲಿ ನಿಲ್ಲಬೇಕು?

ಎಂಜಿನಿಯರ್, 3ನೇ ಕ್ರಾಸ್: ಅಲ್ಲಂತೂ ಬೇಡವೇ ಬೇಡ. ಜಗಲಿಗೆ ಇವತ್ತೇ ಸರ್ವೆ ಮರದ ಆಸರೆ ಕೊಡಿಸ್ತೀನಿ, ರಸ್ತೆ ಕಡೆ ಹಗ್ಗ ಕಟ್ಟಿ. ಅರಳಿ ಗಿಡವನ್ನ ಯಾರೂ ಎಳೆಯೋಕೆ ಹೋಗಬೇಡಿ, ಕಾರ್ನಿಸ್ ಸಮೇತ ಬರುತ್ತೆ.

ಅಡ್ಮಿನ್: ಕೆಲಸ ನಿಂತಿದೆ. ದೊಡ್ಡಪ್ಪನವರೇ ಆಟೋದಲ್ಲಿ ಬಂದು ಟೆಂಪೋದವನನ್ನ ವಾಪಸ್ ಕಳಿಸಿದರು. ಇಳಿಸಿದ ಹೆಂಚು, ಕದ ಎಲ್ಲಾ ಹಜಾರದೊಳಗೆ ಇಟ್ಟು ಬೀಗ ಹಾಕಿದ್ದೀವಿ. ಪತ್ರಕ್ಕೆ ಸಹಿ ಹಾಕೋರು ಸಂಜೆ ಆರಕ್ಕೆ ಗಿರಣಿ ಹತ್ರ ಬನ್ನಿ. ಮಳೆ ಬರೋ ಹಾಗಿದೆ, ಸೂರು ಬಯಲಾಗಿದೆ. ದೊಡ್ಡ ಟಾರ್ಪಾಲ್ ಯಾರ ಮನೇಲಿದೆ?

3ನೇ ಕ್ರಾಸ್ ಸೊಸೆ: ನಮ್ಮನೇಲಿದೆ, ಗೃಹಪ್ರವೇಶಕ್ಕೆ ತಂದಿದ್ದು. ಒಂದು ಮೂಲೆ ಹರಿದಿದೆ, ಪರವಾಗಿಲ್ವಾ?

ಅಪಾರ್ಟ್‌ಮೆಂಟ್, 2ನೇ ಮಹಡಿ: ವ್ಯಾನ್ ಡ್ರೈವರ್‌ಗೆ ಫೋನ್ ಮಾಡಿದ್ದೀನಿ. ನಾಳೆಯಿಂದ ಗಿರಣಿ ಮುಂದೆ ನಿಲ್ಲಿಸ್ತಾರೆ. ಸಹಿ ಹಾಕೋಕೆ ನಾನೂ ಬರ್ತೀನಿ.

ಗಿರಣಿ: ನಿಲ್ಲಿಸಲಿ. ಆದ್ರೆ ನನ್ನ ಅಂಗಡಿ ಮುಂದೆ ಎರಡು ದಿನದಿಂದ ಒಂದು ಕೆಂಪು ಸ್ಕೂಟರ್ ಬಿದ್ದಿದೆ. ಯಾರದು ಅಂತ ಹೇಳಿ ಮೊದಲು ತೆಗೀರಿ.