12ರ ಮಗಳಿಗೆ ಕನ್ನಡದಲ್ಲಿ ಏನು ಓದಲು ಕೊಡಲಿ? ಮೊಲದ ಕತೆ ಬೇಡವಂತೆ, ದಪ್ಪ ಕಾದಂಬರಿ ಆಗಲ್ಲವಂತೆ

ಕಾಫಿಪುಡಿ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನವರು, ಮಗಳಿಗೆ 12 ವರ್ಷ, ಇಂಗ್ಲಿಷ್ ಮೀಡಿಯಂ, ಶಾಲೆಯಲ್ಲಿ ಕನ್ನಡ ಎರಡನೇ ಭಾಷೆ. ಇಂಗ್ಲಿಷ್ ಪುಸ್ತಕವನ್ನು ಕಡಲೇಕಾಯಿ ತಿಂದ ಹಾಗೆ ಓದಿ ಮುಗಿಸುತ್ತಾಳೆ. ‘ದಿ ವೈಲ್ಡ್ ರೋಬಾಟ್’ ಅಂತೂ ಮೂರು ಸಲ ಆಗಿದೆ. ಕನ್ನಡ ಓದಲು ಬರುತ್ತೆ, ಸ್ವಲ್ಪ ನಿಧಾನ ಅಷ್ಟೇ, ಆದರೆ ಓದುವಂಥದ್ದು ಏನೂ ಸಿಗುತ್ತಿಲ್ಲ ಅನ್ನುವುದು ಅವಳ ದೂರು.

ಹೋದ ತಿಂಗಳು ಅಂಗಡಿಗೆ ಹೋಗಿ ಮಕ್ಕಳ ಪುಸ್ತಕ ಕೊಡಿ ಅಂದೆ. ತೆನಾಲಿ ರಾಮ, ಪಂಚತಂತ್ರ, ಬೀರ್‌ಬಲ್ ಮೂರನ್ನೂ ಒಟ್ಟಿಗೆ ಕಟ್ಟಿ ಕೊಟ್ಟರು. ಇವಳು ಎರಡು ಪುಟ ತಿರುಗಿಸಿ, "ಅಮ್ಮಾ, ಇದರಲ್ಲಿ ಮೊಲ ಮಾತಾಡುತ್ತೆ, ನಾನೀಗ ಏಳನೇ ಕ್ಲಾಸು" ಅಂದಳು. ರೋಬಾಟ್ ಹೆಬ್ಬಾತಿನ ಮರಿ ಸಾಕಬಹುದು, ಮೊಲ ಮಾತಾಡಬಾರದು, ಏನು ಲೆಕ್ಕವೋ. ಸರಿ ಅಂತ ನಾನು ಕಾಲೇಜಿನಲ್ಲಿದ್ದಾಗ ಓದಿದ ಒಂದು ದಪ್ಪ ಕಾದಂಬರಿ ಕೊಟ್ಟೆ. ಗುರುತಿಗೆ ಇಟ್ಟ ಬಸ್ ಟಿಕೆಟ್ ಇನ್ನೂ 9ನೇ ಪುಟದಲ್ಲೇ ಇದೆ.

ಈಚೆಗೆ ಬಂದಿದ್ದಾದರೆ ಒಳ್ಳೆಯದು, ಆದಷ್ಟು ಕನ್ನಡದಲ್ಲೇ ಬರೆದದ್ದು ಬೇಕು. ಕೊನೆಯಲ್ಲಿ "ಆದ್ದರಿಂದ ಮಕ್ಕಳೇ" ಅಂತ ಮಾತ್ರ ಬರಬಾರದು ದಯವಿಟ್ಟು.

ಹಿನ್ನೀರು

ಮೇಡಂ, ನಾನು ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರು. ಅಂಗಡಿಯಲ್ಲಿ "ಮಕ್ಕಳ ಪುಸ್ತಕ" ಅಂದರೆ ತೆನಾಲಿನೇ ಕೊಡುತ್ತಾರೆ, ಹೆಸರು ಹೇಳಿ ಕೇಳಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಆ ಪಟ್ಟಿಯಿಂದ ಹುಡುಕುವುದು ಸುಲಭ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಮೂರೂ ಕಾದಂಬರಿ, ನಿಮ್ಮ ಮಗಳ ವಯಸ್ಸಿಗೆ ಸರಿಹೋಗುತ್ತವೆ. ಆಮೇಲಿನ ಎರಡು ವರ್ಷ ಬಂದದ್ದು ಕಥಾ ಸಂಕಲನಗಳಿಗೆ: ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, ಕೆ. ಶಿವಲಿಂಗಪ್ಪ ಹಂದಿಹಾಳರ ‘ನೋಟ್ ಬುಕ್’.

ಆದರೆ ನನ್ನ ಮೊದಲ ಆಯ್ಕೆ ಸ್ವಲ್ಪ ಹಳೆಯದು, 2011ರಲ್ಲಿ ಇದೇ ಪುರಸ್ಕಾರ ಬಂದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಊರು ನೀರಿನಡಿ ಹೋದವಲ್ಲ, ಅದನ್ನು ಬಿಡದೆ ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ಆ ವಾರ ನಾನು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಬಿಟ್ಟು ಈ ಪುಸ್ತಕ ಜೋರಾಗಿ ಓದಿದೆ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ಅಜ್ಜಿ ಹುಟ್ಟಿದ ಮನೆ ನೀರೊಳಗಿದೆ" ಅಂದ. ಆಮೇಲೆ ಇನ್ನೊಬ್ಬಳು, ಆಮೇಲೆ ಇನ್ನಿಬ್ಬರು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ, ಅಲ್ಲಿಗೆ ಹೋಗೋಣ ಅಂತ ಹಟ ಹಿಡಿದರು. ಅವತ್ತು ವ್ಯಾಕರಣ ಆಗಲಿಲ್ಲ.

ಡಿಂಗನ ಸೋದರಳಿಯ

ಮೇಷ್ಟ್ರೇ ಪಟ್ಟಿ ಚೆನ್ನಾಗಿದೆ, ಆದರೆ ಪ್ರಶಸ್ತಿ ಬಂತು ಅಂತ ಮಕ್ಕಳು ಓದಲ್ಲ. ನಾನು ಮಕ್ಕಳ ಪತ್ರಿಕೆ ಬಾಲಮಂಗಳದಲ್ಲಿ ಡಿಂಗನ ಚಿತ್ರಕತೆ ಓದಿ ಬೆಳೆದವನು, ಅಲ್ಲಿಂದ ನೇರ ಹಾರಿದ್ದು ತೇಜಸ್ವಿಗೆ. ಮಧ್ಯದಲ್ಲಿ ಮೆಟ್ಟಿಲೇ ಇರಲಿಲ್ಲ. ‘ಕರ್ವಾಲೋ’ ಕೊಡಿ ಮೇಡಂ. 1980ರದ್ದು, ಈಚಿನದಲ್ಲ ಅಂತ ಗೊತ್ತು, ಬೈಯಬೇಡಿ. ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿ ಹುಡುಗ, ಒಂದು ನಾಯಿ, ಅವರ ಜೊತೆ ಇನ್ನಷ್ಟು ಜನ ಕಾಡಿಗೆ ಹೊರಡುತ್ತಾರೆ. ಇದು ಹನ್ನೆರಡರವರ ಕತೆ ಅಲ್ಲ ಅಂದರೆ ಇನ್ಯಾವುದು? ಶುರುವಿನ ಮೂವತ್ತು ಪುಟ ನೀವೇ ಓದಿ ಹೇಳಿ, ಯಾಕಂದರೆ ಅಲ್ಲಿನ ಮಾತಿನ ಧಾಟಿ ಕಿವಿಗೆ ಬೀಳಬೇಕು, ಕಣ್ಣಲ್ಲಿ ಓದಿದರೆ ಮೊದಮೊದಲು ಎಡವುತ್ತಾಳೆ. ಅದೂ ಕಷ್ಟ ಅಂದರೆ ‘ಪರಿಸರದ ಕತೆ’ಯಿಂದ ಶುರು ಮಾಡಿ, ಬಿಡಿ ಬಿಡಿ ಕತೆಗಳು.

ಒಂದು ತಕರಾರು ಹೇಳಿಯೇ ಬಿಡುತ್ತೇನೆ. 10ರಿಂದ 13ರವರಿಗಾದರೂ ನಾಲ್ಕು ಪುಸ್ತಕ ಇವೆ. 15ರವರಿಗೆ ಏನಿದೆ? ಇಂಗ್ಲಿಷಿನಲ್ಲಿ ಯಂಗ್ ಅಡಲ್ಟ್ ಅಂತ ಅಂಗಡಿಯಲ್ಲಿ ಒಂದು ಗೋಡೆಯೇ ಇರುತ್ತೆ. ನಮ್ಮಲ್ಲಿ ಮಕ್ಕಳ ಕಾದಂಬರಿ ಅಂದರೆ ಹಳ್ಳಿ, ಹೊಳೆ, ಗುಡ್ಡ, ಒಳ್ಳೆಯ ಮೇಷ್ಟ್ರು. ಮೊಡವೆ ಬಂದಿದೆ, ಟ್ಯೂಷನ್‌ನಲ್ಲಿ ಒಬ್ಬಳು ಇಷ್ಟ ಆಗಿದ್ದಾಳೆ, ಫೋನ್ ಅಪ್ಪನ ಹತ್ತಿರ ಇದೆ, ಪಿಯುಸಿಯಲ್ಲಿ ಸೈನ್ಸ್ ಬೇಡ ಅನ್ನಲು ಧೈರ್ಯ ಇಲ್ಲ ಅನ್ನುವ ಹುಡುಗ ಕನ್ನಡ ಕಾದಂಬರಿಯಲ್ಲಿ ನನಗಂತೂ ಸಿಕ್ಕಿಲ್ಲ. ಸಿಕ್ಕವರು ಹೇಳಿ, ಇವತ್ತೇ ಕೊಳ್ಳುತ್ತೇನೆ.

ಹಿನ್ನೀರು

ಒಳ್ಳೆಯ ಮೇಷ್ಟ್ರು ಅಂತ ಬೈದದ್ದು ನನಗೇ ಅಂದುಕೊಂಡೆ. ಮಾತು ಮಾತ್ರ ನಿಜ, ಹತ್ತನೇ ಕ್ಲಾಸಿನವರು ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ.

ಅರಿವು ಮನೆ

ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ ಅದು. 2020ರ ನವೆಂಬರಿನಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆದ ಮೇಲೆ ಶಾಲೆ ಬಿಟ್ಟ ಕೂಡಲೇ ಬ್ಯಾಗ್ ಸಮೇತ ಇಲ್ಲಿಗೇ ಬರುತ್ತಾರೆ. ಯಾವ ಪುಸ್ತಕ ಚೆನ್ನಾಗಿದೆ ಅಂತ ನಾನು ಬೆನ್ನು ನೋಡಿ ಹೇಳುತ್ತೇನೆ. ಹೊಲಿಗೆ ಬಿಚ್ಚಿದ್ದರೆ ಓದಿದ್ದಾರೆ, ಹೊಳೆಯುತ್ತಿದ್ದರೆ ಯಾರೂ ಮುಟ್ಟಿಲ್ಲ. ಮಕ್ಕಳು ಲೇಖಕರ ಹೆಸರು ನೋಡಲ್ಲ. ದಪ್ಪ ನೋಡುತ್ತಾರೆ, ಅಕ್ಷರ ಸಣ್ಣದಾ ಅಂತ ನೋಡುತ್ತಾರೆ, ಮಧ್ಯದಲ್ಲಿ ಚಿತ್ರ ಇದೆಯಾ ಅಂತ ಸರಸರ ತಿರುವುತ್ತಾರೆ.

ನಮ್ಮಲ್ಲಿ ಎರಡು ಸಲ ಬೈಂಡ್ ಮಾಡಿಸಿದ್ದು ಒಂದೇ, ಜಪಾನಿನ ಒಬ್ಬ ಹುಡುಗಿಯ ಶಾಲೆಯ ಕತೆ ‘ತೊತ್ತೋ-ಚಾನ್’, ಕನ್ನಡದಲ್ಲಿ. ಅನುವಾದ ಬೇಡ ಅಂದಿರಿ, ಆದರೂ ಹೇಳುತ್ತೇನೆ. ರೈಲು ಡಬ್ಬಿಯಲ್ಲಿ ಶಾಲೆ ಅಂದ ಕೂಡಲೇ ಮಕ್ಕಳಿಗೆ ಅರ್ಧ ಪ್ರಾಣ. ಆ ಹೆಡ್‌ಮಾಸ್ಟರ್ ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದು, ಗುಡ್ಡದ್ದೊಂದು ಇರಬೇಕು ಅನ್ನುತ್ತಾರಲ್ಲ, ಅದನ್ನು ಓದಿ ಒಂದು ಹುಡುಗಿ ತನ್ನ ಬುತ್ತಿ ಬಿಚ್ಚಿ ತೋರಿಸಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. "ಗುಡ್ಡದ್ದು ಅಂತ ಇದನ್ನೇ ಅನ್ನೋಣ ಸರ್, ಸಮುದ್ರದ್ದು ನಾನು ಎಲ್ಲಿಂದ ತರಲಿ?" ಚಟ್ನಿಯಲ್ಲಿ ಉಪ್ಪು ಇದೆಯಲ್ಲವ್ವಾ ಅಂದೆ. ಆವತ್ತಿನಿಂದ ಎಲ್ಲರ ಡಬ್ಬಿಯಲ್ಲೂ ಸಮುದ್ರ ಇದೆ.

ದುಡ್ಡು ಖರ್ಚು ಮಾಡುವ ಮೊದಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ, ಕನ್ನಡದಲ್ಲೂ ಕತೆಗಳಿವೆ, ಪುಕ್ಕಟೆ. ಹೆಚ್ಚಿನವು ಚಿಕ್ಕವರಿಗೆ, ನಾಲ್ಕನೇ ಹಂತದವು ಮಾತ್ರ ನಿಮ್ಮ ಮಗಳಿಗೆ ಆಗಬಹುದು.

ನ್ಯೂಜೆರ್ಸಿ ಮಂಡ್ಯ

ನಾನು ಸ್ವಲ್ಪ ಅಡ್ಡ ಮಾತು ಹೇಳುತ್ತೇನೆ. ನನ್ನ ಮಗನಿಗೆ 13, ಕನ್ನಡ ಮಾತಾಡುತ್ತಾನೆ, ಓದಲು ಬರಲ್ಲ. ಅವನು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ಎರಡು ನಮ್ಮ ಮನೆಯಲ್ಲಿ ಕನ್ನಡ ಮಾತಿಗೆ ದಾರಿ ಮಾಡಿದವು. ಒಂದು ವೀರಾ ಹಿರಾನಂದಾನಿ ಅವರ ‘ದಿ ನೈಟ್ ಡೈರಿ’, 2018ರದ್ದು. 1947, ದೇಶ ಎರಡಾಗುತ್ತಿದೆ, 12 ವರ್ಷದ ನಿಶಾ ತೀರಿಹೋದ ಅಮ್ಮನಿಗೆ ದಿನಾ ಡೈರಿಯಲ್ಲಿ ಕಾಗದ ಬರೆಯುತ್ತಾಳೆ. ಇನ್ನೊಂದು ಪದ್ಮಾ ವೆಂಕಟರಾಮನ್ ಅವರ ‘ಬಾರ್ನ್ ಬಿಹೈಂಡ್ ಬಾರ್ಸ್’, 2021ರದ್ದು. ಚೆನ್ನೈ ಜೈಲಿನಲ್ಲೇ ಹುಟ್ಟಿದ ಹುಡುಗ ಹೊರಗೆ ಬಂದು ತನ್ನವರನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುತ್ತಾನೆ, ಕಾವೇರಿ ನೀರಿನ ಜಗಳವೂ ಅದರಲ್ಲಿ ಬರುತ್ತೆ. ನನ್ನ ಮಗ ರಾತ್ರಿ ಬಂದು "ಅಪ್ಪಾ, ನೀರಿಗೆ ಯಾಕೆ ಜಗಳ?" ಅಂದ. ಮಂಡ್ಯದಲ್ಲಿರುವ ತಾತನಿಗೆ ಫೋನ್ ಹಚ್ಚಿ ಕೊಟ್ಟೆ. ನಾಲೆ, ಕಟ್ಟು ನೀರು, ಕಬ್ಬು, ಬಂದ್ ಅಂತ ತಾತ ಮುಕ್ಕಾಲು ಗಂಟೆ ಮಾತಾಡಿದರು. ಇವನು ಮಧ್ಯ ಮಧ್ಯ ಕನ್ನಡದಲ್ಲೇ ಪ್ರಶ್ನೆ ಕೇಳಿದ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅಷ್ಟು ಕನ್ನಡ ಅವನ ಬಾಯಲ್ಲಿ ಯಾವತ್ತೂ ಬಂದಿಲ್ಲ.

ಕಾಫಿಪುಡಿ

ಎಲ್ಲರಿಗೂ ಥ್ಯಾಂಕ್ಸ್. ಉತ್ತರ ಬರೆಯಲು ಮೂರು ವಾರ ತಡವಾಯಿತು. ಮೇಷ್ಟ್ರ ಪಟ್ಟಿ ಹಿಡಿದು ಮಗಳನ್ನೇ ಕರೆದುಕೊಂಡು ಹೋದೆ. ‘ಓಡಿ ಹೋದ ಹುಡುಗ’ ಅವಳೇ ಆರಿಸಿದಳು, "ಯಾಕೆ ಓಡಿ ಹೋದ ಅಂತ ನೋಡಬೇಕು" ಅಂತ. ನಿಧಾನಕ್ಕೆ ಓದುತ್ತಿದ್ದಾಳೆ, ದಿನಕ್ಕೆ ನಾಲ್ಕೈದು ಪುಟ, ಗೊತ್ತಾಗದ ಪದ ಬಂದರೆ ಅಡುಗೆಮನೆಗೇ ಬಂದು ಕೇಳುತ್ತಾಳೆ. ಡಿಸೋಜರ ಪುಸ್ತಕ ಮುಂದಿನ ರಜೆಗೆ ಎತ್ತಿಟ್ಟಿದ್ದೇನೆ.

‘ಕರ್ವಾಲೋ’ ಜೋರಾಗಿ ಓದುವ ಕೆಲಸ ನಮ್ಮ ಯಜಮಾನರಿಗೆ ವಹಿಸಿದ್ದೆ. ರಾತ್ರಿ ಊಟ ಆದ ಮೇಲೆ ದಿನಾ ಹತ್ತು ಪುಟ ಅಂತ ಮಾತಾಗಿತ್ತು. ಐದನೇ ದಿನ ಇವರಿಗೆ ತಡೆಯಲಾಗಲಿಲ್ಲ, ಮಗಳು ಮಲಗಿದ ಮೇಲೆ ಒಬ್ಬರೇ ಕೂತು ಪೂರ್ತಿ ಮುಗಿಸಿಬಿಟ್ಟರು. ಬೆಳಗ್ಗೆ ತಿಂಡಿ ತಿನ್ನುವಾಗ ಮುಖ ನೋಡಿಯೇ ಕಂಡುಹಿಡಿದಳು. ಈಗ ಅಪ್ಪನ ಜೊತೆ ಟೂ. ಉಳಿದದ್ದನ್ನು ತಾನೇ ಓದುತ್ತಾಳಂತೆ, ಓತಿ ಸಿಕ್ಕಿತಾ ಇಲ್ಲವಾ ಅಂತ ಯಾರೂ ಬಾಯಿ ಬಿಡಬಾರದಂತೆ.

‘ಬಾವಲಿ ಗುಹೆ’ ಆ ಅಂಗಡಿಯಲ್ಲಿ ಮುಗಿದಿತ್ತು. ಓದಿ ಮುಗಿಸಿದ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಪೋಸ್ಟ್ ಖರ್ಚು ನನ್ನದು.