ಪದ ಬೇಕು: ರೋಲರ್ ಡರ್ಬಿ ಕೊನೆ ಪಂದ್ಯಗಳ ಮುನ್ನೋಟಕ್ಕೆ

ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ, ಕನ್ನಡ ಪದಗಳ ಬಳಗಕ್ಕೆ:

ನಮಸ್ಕಾರ. ಅವಸರದ ಪ್ರಶ್ನೆ, ಶುಕ್ರವಾರ ಅಚ್ಚಿಗೆ ಹೋಗಬೇಕು.

ನಮ್ಮೂರಿನ ರೋಲರ್ ಡರ್ಬಿ ಸಂಘ ರೋಸ್ ಸಿಟಿ ರೋಲರ್ಸ್‌ನವರ ಈ ಸಲದ ಕೊನೆ ಪಂದ್ಯಗಳು ಹತ್ತಿರ ಬಂದಿವೆ. ಓಕ್ಸ್ ಪಾರ್ಕಿನಲ್ಲಿರುವ ‘ಹ್ಯಾಂಗರ್’ ಅನ್ನುವ ಅಂಗಳದಲ್ಲಿ ಒಂದೇ ಸಂಜೆ ಎರಡು ಪಂದ್ಯ. ಮೊದಲು ಮೂರನೇ ಸ್ಥಾನಕ್ಕೆ, ಆಮೇಲೆ ಫೈನಲ್. ಬೀವರ್ಟನ್, ಹಿಲ್ಸ್‌ಬರೋ ಕಡೆಯ ಕನ್ನಡದ ಮನೆಗಳಿಗೆ ಹಂಚೋಕೆ ಒಂದು ಪುಟದ ಮುನ್ನೋಟ ಬರೆಯುತ್ತಿದ್ದೇನೆ. ಮಕ್ಕಳನ್ನು ಸ್ಕೇಟಿಂಗ್ ಕ್ಲಾಸಿಗೆ ಕಳಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಆಟ ನೋಡಿದವರು ಕಡಿಮೆ.

ಆಟ ಹೀಗೆ. ಮೊಟ್ಟೆಯಾಕಾರದ ಸಮತಟ್ಟು ಅಂಗಳ, ಕಾಲಿಗೆ ನಾಲ್ಕು ಗಾಲಿಯ ಸ್ಕೇಟ್. ಒಂದೊಂದು ತಂಡದಿಂದ ಐದು ಜನ ಇಳಿಯುತ್ತಾರೆ. ಒಬ್ಬರು ಜ್ಯಾಮರ್, ಹೆಲ್ಮೆಟ್ ಮೇಲೆ ನಕ್ಷತ್ರ. ಉಳಿದ ನಾಲ್ವರು ಬ್ಲಾಕರ್. ಅವರಲ್ಲೊಬ್ಬರು ಪಿವಟ್, ಹೆಲ್ಮೆಟ್ ಮೇಲೆ ಪಟ್ಟೆ. ಜ್ಯಾಮರ್ ಬ್ಲಾಕರ್‌ಗಳ ಗುಂಪನ್ನು ಸೀಳಿಕೊಂಡು ಆಚೆ ಬರಬೇಕು. ಮೊದಲ ಸಲ ದಾಟಿದ್ದಕ್ಕೆ ಅಂಕ ಇಲ್ಲ. ಸುತ್ತು ಹಾಕಿ ಮತ್ತೆ ಬಂದು ಎದುರಾಳಿ ಬ್ಲಾಕರ್‌ಗಳನ್ನು ಹಿಂದೆ ಹಾಕಿದರೆ ತಲೆಗೊಂದು ಅಂಕ. ಇಂಥ ಒಂದು ಸರದಿಗೆ ಜ್ಯಾಮ್ ಅಂತ ಹೆಸರು, ಹೆಚ್ಚೆಂದರೆ 2 ನಿಮಿಷ. ಮುಂದಿನದಕ್ಕೆ ನಡುವೆ 30 ಸೆಕೆಂಡ್. ಇಡೀ ಪಂದ್ಯ 30 ನಿಮಿಷದ ಎರಡು ಅವಧಿ.

ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂದರೆ, ಮೊದಲು ತಲೆಬರಹ. ಕ್ರಿಕೆಟ್ ಪುಟದಲ್ಲಿ ‘ಈ ಋತುವಿನ’ ಅಂತ ಬರೆಯುವುದು ಗೊತ್ತು. ಇಲ್ಲಿ ‘ಋತು ಮುಕ್ತಾಯದ ಪಂದ್ಯಗಳು’ ಅಂತ ಬರೆದೆ. ಮನೆಯಲ್ಲಿ ಓದಿದ ಕೂಡಲೇ ಬೇಡ ಅಂದರು. ಹೆಂಗಸರ ಆಟದ ಬಗ್ಗೆ ಹೀಗೆ ಬರೆದರೆ ಓದುವವರ ಮನಸ್ಸು ಬೇರೆ ಕಡೆ ಹೋಗುತ್ತದೆ, ಅಲ್ವಾ? ಎರಡನೆಯದು ‘ಡರ್ಬಿ’. ಬೆಂಗಳೂರಿನವರಿಗೆ ಡರ್ಬಿ ಅಂದರೆ ಕುದುರೆ. ಮೂರನೆಯದು ‘ಜ್ಯಾಮ್’. ಬ್ರೆಡ್ಡಿಗೆ ಹಚ್ಚೋದು, ಸಿಲ್ಕ್ ಬೋರ್ಡಿನಲ್ಲಿ ಆಗೋದು ಎರಡೂ ಜ್ಯಾಮೇ. ‘ಸುತ್ತು’ ಅನ್ನೋಣ ಅಂದರೆ ಅಂಗಳ ಸುತ್ತುವುದಕ್ಕೂ ಅದೇ ಪದ ಬೇಕು.

ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:

ಡರ್ಬಿ, ಜ್ಯಾಮ್, ಜ್ಯಾಮರ್, ಬ್ಲಾಕರ್, ಪಿವಟ್. ಇಷ್ಟನ್ನೂ ಹಾಗೇ ಇಟ್ಟುಕೊಳ್ಳುವುದಾದರೆ ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿ.

ಆಟಕ್ಕೆ ‘ಗಾಲಿಗಾಳಗ’. ಆದೇಶ ಸಂಧಿ ಬಿಡಬೇಡಿ, ಗಾಲಿಕಾಳಗ ಅಲ್ಲ. ಚಕ್ರವೂ ಬೇಡ. ಗಾಲಿ ನಮ್ಮದೇ ಪದ. ತಮಿಳಿನಲ್ಲಿ ‘ಕಾಲ್’ ಅಂದರೂ ಗಾಲಿಯೇ, ತೆಲುಗಿನಲ್ಲಿ ‘ಗಾಲು’. ಗಾಲಿಕುರ್ಚಿ ನಿಂತಿದೆ, ಗಾಲಿಗಾಳಗವೂ ನಿಲ್ಲುತ್ತದೆ. ಜ್ಯಾಮರ್‌ಗೆ ‘ನುಗ್ಗುಗ’, ಬ್ಲಾಕರ್‌ಗೆ ‘ತಡೆಗ’. ಓದುಗ, ಕೇಳುಗ, ನೋಡುಗ ಇದ್ದ ಹಾಗೆ. ಋತುವಿಗೆ ‘ಸಾಲು’. ಕೆಲಸ ಮುಗಿಯಿತು.

ಧಾರವಾಡದಿಂದ:

ಕೆಲಸ ಮುಗಿದಿಲ್ಲ. ‘ನುಗ್ಗುಗರು’ ಅಂತ ಒಮ್ಮೆ ಜೋರಾಗಿ ಓದಿ ನೋಡಿ. ಮೈಕ್ ಹಿಡಿದವರು ಎರಡು ನಿಮಿಷದ ಆಟದಲ್ಲಿ ಅದನ್ನು ಎಷ್ಟು ಸಲ ಹೇಳಬೇಕಾಗುತ್ತದೆ ಗೊತ್ತೇ? ನಾಲಿಗೆ ಹೊರಳುವುದಿಲ್ಲ.

‘ಕಾಳಗ’ಕ್ಕೂ ನನ್ನ ಒಪ್ಪಿಗೆ ಇಲ್ಲ. ಈ ಆಟ ಹುಟ್ಟಿದ್ದು ಹೊಡೆದಾಟವಾಗಿ ಅಲ್ಲ. 1935ರ ಆಗಸ್ಟಿನಲ್ಲಿ ಷಿಕಾಗೋ ಕಾಲಿಸಿಯಂನಲ್ಲಿ ಲಿಯೋ ಸೆಲ್ಟ್‌ಜರ್ ಶುರು ಮಾಡಿದ್ದು ದೂರದ ಓಟದ ಪಂದ್ಯ. ಜೋಡಿ ಜೋಡಿಯಾಗಿ, ಅಮೆರಿಕವನ್ನು ಈ ತುದಿಯಿಂದ ಆ ತುದಿಗೆ ದಾಟುವಷ್ಟು ದೂರ, ಸುಮಾರು 3,000 ಮೈಲಿ, ಒಂದೇ ಅಂಗಳದಲ್ಲಿ ದಿನಗಟ್ಟಲೆ ಸುತ್ತಬೇಕು. ಡರ್ಬಿ ಅನ್ನುವ ಹೆಸರು ಓಟದಿಂದಲೇ ಬಂದದ್ದು. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರಲ್ಲಿ ಶುರುವಾದ ಕುದುರೆ ಓಟಕ್ಕೆ ಡರ್ಬಿಯ ದೊರೆಯ ಹೆಸರಿಟ್ಟರು. ಬೆಂಗಳೂರಿನ ಕುದುರೆ ಡರ್ಬಿಯೂ ಅಲ್ಲಿಂದ ಬಂದದ್ದೇ. ಒಂದೇ ಬೇರು. ಹಾಗಾಗಿ ನಮ್ಮ ಓದುಗರಿಗೆ ಕುದುರೆ ನೆನಪಾದರೆ ಅದರಲ್ಲಿ ತಪ್ಪೇನೂ ಇಲ್ಲ, ಅರ್ಥ ಅರ್ಧ ದಾರಿ ಬಂದ ಹಾಗೆ. ಮೈಗೆ ಮೈ ತಾಗಿಸುವುದು ಸೇರಿಕೊಂಡದ್ದು 1930ರ ದಶಕದ ಕೊನೆಗೆ. ಸ್ಕೇಟರ್‌ಗಳು ಡಿಕ್ಕಿ ಹೊಡೆದು ಬೀಳುವಾಗ ಜನ ಎದ್ದು ನಿಲ್ಲುವುದನ್ನು ಪತ್ರಕರ್ತ ಡೇಮನ್ ರನ್ಯನ್ ಕಂಡರು, ಅದನ್ನೇ ಆಟದ ಭಾಗ ಮಾಡಿ ಎಂದು ಸೆಲ್ಟ್‌ಜರ್‌ಗೆ ಸೂಚಿಸಿದರು. ಈಗಿನ ರೂಪ ಬಂದದ್ದು 2000ದ ದಶಕದ ಶುರುವಿನಲ್ಲಿ, ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಹೆಂಗಸರೇ ಸೇರಿ, ತಾವೇ ನಡೆಸುವ ಸಂಸ್ಥೆಗಳನ್ನು ಕಟ್ಟಿಕೊಂಡು ಆಟಕ್ಕೆ ಮತ್ತೆ ಜೀವ ಕೊಟ್ಟರು. ಹೆಸರನ್ನು ಹಾಗೇ ಇಡಿ: ರೋಲರ್ ಡರ್ಬಿ.

ಜ್ಯಾಮರ್ ವಿಷಯಕ್ಕೆ ಬಂದರೆ, ಕಬಡ್ಡಿ ನಮ್ಮ ಕೈಯಲ್ಲೇ ಇದೆ. ಒಬ್ಬರು ಒಳಗೆ ನುಗ್ಗುತ್ತಾರೆ, ಉಳಿದವರು ಸರಪಳಿ ಕಟ್ಟಿ ತಡೆಯುತ್ತಾರೆ, ತಲೆ ಲೆಕ್ಕದಲ್ಲಿ ಅಂಕ. ವ್ಯತ್ಯಾಸ ಇಷ್ಟೇ: ಇಲ್ಲಿ ಎರಡೂ ಕಡೆಯವರು ಒಟ್ಟಿಗೆ ದಾಳಿ ಮಾಡುತ್ತಾರೆ. ಬ್ಲಾಕರ್‌ಗಳು ಎದುರಾಳಿಯನ್ನು ತಡೆಯುತ್ತಲೇ ತಮ್ಮವರಿಗೆ ದಾರಿ ಬಿಡಿಸಿಕೊಡಬೇಕು. ‘ದಾಳಿಗಾರ್ತಿ’ ಅನ್ನಿ. ಪ್ರತಿ ಹಳ್ಳಿಯಲ್ಲೂ ಅರ್ಥವಾಗುತ್ತದೆ.

ಮೈಸೂರಿನಿಂದ:

ದಾಳಿ ಸಂಸ್ಕೃತದ ಧಾಟಿಯ ತದ್ಭವ. ಗಾರ ಕೂಡ ‘ಕಾರ’ದಿಂದ ಬಂದದ್ದು. ಕನ್ನಡ ಅಂತ ಕೊಟ್ಟ ಪದದಲ್ಲಿ ಕನ್ನಡ ಎಲ್ಲಿದೆ? ಅದೂ ಬೇಕೆಂದರೆ ಹೆಣ್ಣಿಗೆ ‘ಗಾತಿ’ ಹಳೆಯ ರೂಪ, ಬಿನ್ನಾಣಗಾತಿ ಇದ್ದ ಹಾಗೆ. ‘ಗಾರ್ತಿ’ ಆಮೇಲೆ ಬಂದದ್ದು.

‘ನಾಲಿಗೆ ಹೊರಳುವುದಿಲ್ಲ’ ಅನ್ನುವುದು ಸೋಮಾರಿತನದ ಮಾತು. ಕ್ರಿಕೆಟ್ಟಿನ ಬ್ಯಾಟ್ಸ್‌ಮನ್‌ಗೆ ದಾಂಡಿಗ ಅಂದಾಗಲೂ ಜನ ಹೀಗೇ ಅಂದಿದ್ದರು. ವಿಕೆಟ್‌ಗೆ ಹುದ್ದರಿ ಅಂದದ್ದನ್ನೂ ಆಡಿಕೊಂಡಿದ್ದರು. ಇವತ್ತು ಪತ್ರಿಕೆಯಲ್ಲಿ ಎರಡೂ ಬರುತ್ತವೆ. ಹೊರಗಿನ ಪದವನ್ನು ಹೊಸ್ತಿಲಲ್ಲೇ ನಿಲ್ಲಿಸದಿದ್ದರೆ ನಮ್ಮ ಪದಕ್ಕೆ ಜಾಗ ಸಿಗುವುದು ಯಾವಾಗ?

ಧಾರವಾಡದಿಂದ:

ದಾಂಡಿಗ ನಿಂತದ್ದು ಯಾಕೆ ಅಂತ ಯೋಚಿಸಿ. ಅದು ಮೊದಲೇ ಇದ್ದ ಪದ. ಗಟ್ಟಿಮುಟ್ಟಾದ ಆಳಿಗೆ ದಾಂಡಿಗ ಅನ್ನುತ್ತಿದ್ದರು, ದಾಂಡು ಹಿಡಿದವನಿಗೂ ಒಪ್ಪಿತು. ಜೊತೆಗೆ ರೇಡಿಯೋ ಇತ್ತು, ಪತ್ರಿಕೆ ಇತ್ತು, ದಿನಾ ಆಟ ಇತ್ತು. ಒಂದು ಊರಿನ ಒಂದು ಪುಟದ ಕರಪತ್ರಕ್ಕೆ ಆ ಬಲ ಇಲ್ಲ. ಅಲ್ಲಿಯೂ ಹುದ್ದರಿ ಅಚ್ಚಿನಲ್ಲಿ ಉಳಿಯಿತು, ಮೈದಾನದಲ್ಲಿ ಹುಡುಗರು ಕೂಗುವುದು ವಿಕೆಟ್ ಅಂತಲೇ.

ತದ್ಭವವನ್ನೂ ಹೊರಗೆ ಹಾಕಿದರೆ ನಾಳೆ ಅಡುಗೆಮನೆಯಲ್ಲಿ ಏನು ಉಳಿಯುತ್ತದೆ ನೋಡೋಣ. ಈ ವಾದ ಇಲ್ಲಿಗೆ ಸಾಕು. ಪೋರ್ಟ್‌ಲ್ಯಾಂಡಿನವರು ಶುಕ್ರವಾರ ಪುಟ ಅಚ್ಚಿಗೆ ಕೊಡಬೇಕು.

ಮಂಗಳೂರಿನಿಂದ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಗಾತಿಯೋ ಗಾರ್ತಿಯೋ ಅಂತ ನೀವಿಬ್ಬರೂ ಜಗಳ ಆಡುತ್ತಿದ್ದೀರಿ. ಎರಡೂ ಬೇಡ ಅನ್ನುತ್ತೇನೆ. ಈ ಆಟದ ದೊಡ್ಡ ಸಂಸ್ಥೆಯ ಹೆಸರಿನಲ್ಲಿ ‘ವುಮೆನ್ಸ್’ ಇದೆ, ನಿಜ. ಆದರೆ ಅದರ ನಿಯಮದ ಪ್ರಕಾರ ಟ್ರಾನ್ಸ್ ಆಟಗಾರರು, ಹೆಣ್ಣು ಗಂಡು ಎರಡೂ ಅಲ್ಲ ಅನ್ನುವವರು ಎಲ್ಲರೂ ಆಡಬಹುದು. ಕನ್ನಡದಲ್ಲಿ ಇದಕ್ಕೆ ಕಷ್ಟಪಡಬೇಕಿಲ್ಲ. ಬಹುವಚನ ಹಿಡಿಯಿರಿ. ಆಟಗಾರರು, ಬಂದರು, ನುಗ್ಗಿದರು, ಬಿದ್ದರು. ಒಬ್ಬರ ಬಗ್ಗೆ ಬರೆಯುವಾಗಲೂ ಅದು ಮರ್ಯಾದೆಯ ರೂಪವೇ. ಯಾರಿಗೂ ನೋವಾಗುವುದಿಲ್ಲ, ವಾಕ್ಯವೂ ಕೆಡುವುದಿಲ್ಲ.

ಇನ್ನೊಂದು ಮಾತು. ‘ಲೀಗ್’ ಅಂತ ಮಾತ್ರ ಬರೆಯಬೇಡಿ. ನಮ್ಮವರಿಗೆ ಲೀಗ್ ಅಂದರೆ ಪ್ರೊ ಕಬಡ್ಡಿ ಥರದ ಪಂದ್ಯಾವಳಿ. ಡರ್ಬಿಯವರು ಲೀಗ್ ಅನ್ನುವುದು ತಂಡಗಳನ್ನು ಕಟ್ಟಿ ಸಾಕುವ ಸಂಸ್ಥೆಗೆ. ಕ್ಲಬ್ ಅನ್ನಿ, ಸಂಘ ಅನ್ನಿ. ಇಲ್ಲಿ ಹಳೆ ಪದವೇ ದಾರಿ ತಪ್ಪಿಸುತ್ತದೆ, ಹೊಸ ಪದ ಅಲ್ಲ.

ಪೋರ್ಟ್‌ಲ್ಯಾಂಡ್‌ನಿಂದ, ಎಲ್ಲರಿಗೂ:

ಮಂಗಳೂರಿನ ಮೇಡಂಗೆ ದೊಡ್ಡ ಥ್ಯಾಂಕ್ಸ್. ಲೀಗ್ ವಿಷಯ ಹೇಳದಿದ್ದರೆ ನಮ್ಮ ಜನ ಎಲ್ಲ ಊರಿನ ತಂಡಗಳೂ ಬರುತ್ತವೆ ಅಂತಲೇ ತಿಳಿಯುತ್ತಿದ್ದರು. ಆಡುವುದು ಒಂದೇ ಸಂಘದ ನಾಲ್ಕು ತಂಡ: ಬ್ರೇಕ್ ನೆಕ್ ಬೆಟ್ಟೀಸ್, ಗನ್ಸ್ ಎನ್ ರೋಲರ್ಸ್, ಹಾರ್ಟ್‌ಲೆಸ್ ಹೆದರ್ಸ್, ಹೈ ರೋಲರ್ಸ್. ಈ ಹೆಸರುಗಳನ್ನು ಯಾರೂ ಕನ್ನಡ ಮಾಡಲು ಹೋಗಬೇಡಿ ದಯವಿಟ್ಟು.

ನಾನು ಹೀಗೆ ತೀರ್ಮಾನ ಮಾಡಿದ್ದೇನೆ. ಆಟದ ಹೆಸರು, ಜ್ಯಾಮ್, ಜ್ಯಾಮರ್, ಬ್ಲಾಕರ್, ಪಿವಟ್ ಹಾಗೇ ಇರಲಿ. ಇವತ್ತು ಓದಿದವರು ಆ ಸಂಜೆ ಹ್ಯಾಂಗರ್‌ನಲ್ಲಿ ಕೂತಾಗ ಧ್ವನಿವರ್ಧಕದಲ್ಲಿ ಕೇಳುವುದು ಅವೇ ಪದಗಳನ್ನು. ನನ್ನ ಪುಟದಲ್ಲಿ ದಾಳಿಗಾರರು ಅಂತ ಓದಿ, ಅಲ್ಲಿ ಜ್ಯಾಮರ್ ಅಂತ ಕೇಳಿದರೆ ಮಕ್ಕಳು ಅಪ್ಪ ಅಮ್ಮನನ್ನು ಕೇಳುತ್ತಾರೆ, ಅಪ್ಪ ಅಮ್ಮ ಪಕ್ಕದವರನ್ನು ಕೇಳಬೇಕು. ಆದರೆ ಅವರು ಮಾಡುವ ಕೆಲಸಕ್ಕೆಲ್ಲ ಕನ್ನಡವೇ ಇರಬೇಕು, ಅದರಲ್ಲಿ ಮೈಸೂರಿನ ಸರ್ ಮಾತು ಪೂರ್ತಿ ಒಪ್ಪುತ್ತೇನೆ. ‘ಬ್ಲಾಕ್ ಮಾಡಿದರು, ಪಾಸ್ ಮಾಡಿದರು, ಸ್ಕೋರ್ ಮಾಡಿದರು’ ಅಂತ ಎಲ್ಲದಕ್ಕೂ ‘ಮಾಡು’ ಅಂಟಿಸಿ ಬರೆಯೋದು ನನಗೂ ಆಗಲ್ಲ. ನುಗ್ಗು, ಸೀಳು, ಅಡ್ಡಗಟ್ಟು, ತಳ್ಳು, ನುಸುಳು, ದಾಟು. ಇವೆಲ್ಲ ಇರುವಾಗ ಯಾಕೆ ಬೇಕು?

ಕರಡಿನ ಮುಖ್ಯ ಭಾಗ ಕೆಳಗಿದೆ:

‘ಈ ಸಲದ ಕೊನೆ ಹಣಾಹಣಿ! ರೋಸ್ ಸಿಟಿ ರೋಲರ್ಸ್ ಸಂಘದ ನಾಲ್ಕೂ ತಂಡಗಳು ಒಂದೇ ಸಂಜೆ ಅಂಗಳಕ್ಕೆ ಇಳಿಯುತ್ತವೆ. ಈ ಸಂಘ ಹುಟ್ಟಿದ್ದು 2004ರಲ್ಲಿ. ಇಲ್ಲಿಂದ ಆರಿಸಿದ ವೀಲ್ಸ್ ಆಫ್ ಜಸ್ಟಿಸ್ ತಂಡ 2015, 2016, 2018, 2019ರಲ್ಲಿ ಡರ್ಬಿಯ ಅತಿ ದೊಡ್ಡ ಪ್ರಶಸ್ತಿ ಗೆದ್ದಿದೆ. ಹೊರಗೆ ಹೋದಾಗ ಹೆಗಲಿಗೆ ಹೆಗಲು ಕೊಟ್ಟು ಆಡುವವರು ಇವತ್ತು ಎದುರುಬದುರು ನಿಲ್ಲುತ್ತಾರೆ. ಒಬ್ಬರ ಪಟ್ಟು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತು.

‘ಮೊದಲ ಸಲ ಬರುವವರು ಇಷ್ಟು ನೋಡಿಕೊಳ್ಳಿ. ಹೆಲ್ಮೆಟ್ ಮೇಲೆ ನಕ್ಷತ್ರ ಇರುವವರೇ ಜ್ಯಾಮರ್. ಕಣ್ಣು ಅವರ ಮೇಲಿರಲಿ. ಇಬ್ಬರಲ್ಲಿ ಯಾರು ತಪ್ಪಿಲ್ಲದೆ ಗುಂಪನ್ನು ಮೊದಲು ಸೀಳಿ ಆಚೆ ಬರುತ್ತಾರೋ ಅವರ ಕೈಯಲ್ಲಿ ಜ್ಯಾಮ್ ಇರುತ್ತದೆ. ಎರಡು ಅಂಗೈಯಿಂದ ಸೊಂಟ ತಟ್ಟಿದರೆ ಅಲ್ಲಿಗೆ ನಿಂತಿತು. ನಾಲ್ಕು ಅಂಕ ಬಾಚಿಕೊಂಡು, ಎದುರಾಳಿ ಜ್ಯಾಮರ್ ಗುಂಪಿನೊಳಗೆ ಬರುವ ಮೊದಲೇ ಸೊಂಟ ತಟ್ಟುವುದನ್ನು ನೋಡಿ. ಜಾಣತನ ಅಂದರೆ ಅದು. ಸುಸ್ತಾದ ಜ್ಯಾಮರ್ ನಕ್ಷತ್ರದ ಗವಸನ್ನು ಕಿತ್ತು ತಮ್ಮ ಪಿವಟ್ ಕೈಗೆ ಕೊಡಬಹುದು. ಅಲ್ಲಿಂದ ಪಿವಟ್ ಅವರೇ ಜ್ಯಾಮರ್. ಮೊಣಕೈಯಿಂದ ಹೊಡೆದರೆ, ಬೆನ್ನಿಗೆ ಗುದ್ದಿದರೆ 30 ಸೆಕೆಂಡ್ ಹೊರಗೆ. ಜ್ಯಾಮರ್ ಹೊರಗೆ ಕೂತ ಹೊತ್ತಿನಲ್ಲಿ ಎದುರಾಳಿ ತಂಡಕ್ಕೆ ಸುಗ್ಗಿ. ಅಂಥ ಏಳು ತಪ್ಪಾದರೆ ಆ ಪಂದ್ಯದಿಂದಲೇ ಮನೆಗೆ.’

ಹೆಲ್ಮೆಟ್ ಮೇಲೆ ಹಾಕುವ ಬಟ್ಟೆಗೆ ದಿಂಬಿನ ‘ಗವಸು’ ನೆನಪಾಯಿತು, ಕೂತಿತು ಅನ್ನಿಸುತ್ತದೆ. ಬಾಗಿಲ ಬೋರ್ಡಿಗೆ ‘ಈ ಸಲದ ಕೊನೆ ಪಂದ್ಯಗಳು: ರೋಲರ್ ಡರ್ಬಿ’, ಅಷ್ಟೇ. ತಂಡ, ಹೊತ್ತು ನಾನೇ ತುಂಬಿಕೊಳ್ಳುತ್ತೇನೆ. ಗುರುವಾರ ರಾತ್ರಿಯೊಳಗೆ ತಿದ್ದುಪಡಿ ಇದ್ದರೆ ಕಳಿಸಿ.

ಧಾರವಾಡದಿಂದ:

‘ತಪ್ಪಿಲ್ಲದೆ ಗುಂಪನ್ನು ಮೊದಲು ಸೀಳಿ’ ಎಡವುತ್ತದೆ. ‘ತಪ್ಪು ಮಾಡದೆ ಮೊದಲು ಗುಂಪನ್ನು ಸೀಳಿ’ ಅಂತ ಬದಲಿಸಿ. ಉಳಿದದ್ದು ಚೆನ್ನಾಗಿದೆ. ‘ಹಣಾಹಣಿ’ ಇಟ್ಟದ್ದು ಸಂತೋಷ. ದಾಳಿಗಾರ್ತಿ ಬಿಟ್ಟದ್ದಕ್ಕೆ ಬೇಸರ ಇದೆ, ಆದರೆ ಮಂಗಳೂರಿನವರ ಕಾರಣ ಗಟ್ಟಿ.

ಮೈಸೂರಿನಿಂದ:

ಕ್ರಿಯಾಪದಗಳು ಸರಿ. ‘ಧ್ವನಿವರ್ಧಕ’ ಅಂತ ನಿಮ್ಮ ಓಲೆಯಲ್ಲಿ ಬರೆದಿರಿ, ಪುಟದಲ್ಲಿ ‘ಮೈಕು’ ಅಂತಲೇ ಬರೆಯಿರಿ, ಅದಾದರೂ ಊರಿನ ಮಾತು. ಗಾಲಿಯನ್ನು ಎಲ್ಲೂ ಬಳಸದೆ ಬಿಟ್ಟದ್ದನ್ನು ಒಪ್ಪುವುದಿಲ್ಲ. ‘ಕಾಲಿಗೆ ನಾಲ್ಕು ಗಾಲಿ’ ಅಂತ ನಿಮ್ಮ ಮೊದಲ ಓಲೆಯಲ್ಲೇ ಇತ್ತು. ಅದನ್ನು ಪುಟಕ್ಕೆ ಸೇರಿಸಿ, ಉಳಿದದ್ದಕ್ಕೆ ನನ್ನ ತಕರಾರಿಲ್ಲ.

ಪೋರ್ಟ್‌ಲ್ಯಾಂಡ್‌ನಿಂದ:

ಸೇರಿಸಿದೆ ಸರ್. ಎರಡನೇ ಪ್ಯಾರಾ ಈಗ ‘ಕಾಲಿಗೆ ನಾಲ್ಕು ಗಾಲಿ, ಹೆಲ್ಮೆಟ್ ಮೇಲೆ ನಕ್ಷತ್ರ’ ಅಂತ ಶುರುವಾಗುತ್ತದೆ. ಧಾರವಾಡದ ತಿದ್ದುಪಡಿಯೂ ಹಾಕಿದೆ. ಅಚ್ಚಿಗೆ ಕಳಿಸುತ್ತಿದ್ದೇನೆ.